ಷಟಲ್‌ಗೆ ಒಡೆದ ಕಾಯಿ

ಅಪ್ಪ, ಅಮ್ಮ ಅಮೆರಿಕದ ಸೀಡರ್ ಪಾರ್ಕ್‌ನ ನಮ್ಮ ಮನೆಗೆ ಬಂದಿದ್ದಾಗ ಹೊಸ ಕಾರು ತಗೊಂಡೆವು. ಕಾಯಿ ಒಡೆಯಮ್ಮ ಅಂದರೆ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ನ ಕೈ ಬೇಡ. ನೀನೇ ಒಡಿ." ನನಗೆ ರೇಗಿತು. ಕಾಯಿ ಫ್ರಿಜ್ಜಿನ ಮೇಲೆಯೇ ಉಳಿಯಿತು. ಪೂಜೆಯಾಗದ ಕಾರಿನಲ್ಲೇ ಹ್ಯೂಸ್ಟನ್‌ಗೆ ಹೊರಟೆವು.

ಹೋಗಿದ್ದು ಅಪ್ಪನಿಗಾಗಿ. ಎಂಬತ್ತರ ದಶಕದಲ್ಲಿ ನಮ್ಮ ದೇಶದ ಸಂಪರ್ಕ ಉಪಗ್ರಹವೊಂದನ್ನು ಅಮೆರಿಕದ ಗಗನಯಾತ್ರಿಗಳು ಷಟಲ್ ಎಂಬ ತಮ್ಮ ಬಾಹ್ಯಾಕಾಶ ನೌಕೆಯಲ್ಲಿ ಒಯ್ದು ಮೇಲೆ ಬಿಟ್ಟುಬಂದಿದ್ದರು. ಆಮೇಲೆ ಅದನ್ನು ನೋಡಿಕೊಳ್ಳುವುದು ಹಾಸನದ ಕೇಂದ್ರದ ಜವಾಬ್ದಾರಿ. ಅಪ್ಪ ಅಲ್ಲಿ ಇಂಜಿನಿಯರ್. ಆದರೆ ಷಟಲ್ ಹೇಗಿರುತ್ತದೆ ಅಂತ ಕಣ್ಣಾರೆ ಕಂಡವರಲ್ಲ. ಹ್ಯೂಸ್ಟನ್‌ನ ಬಾಹ್ಯಾಕಾಶ ಮ್ಯೂಸಿಯಮ್ಮಿನಲ್ಲಿ ಅದರ ಮಾದರಿಯ ಮುಂದೆ ಅಲ್ಲಾಡದೆ ನಿಂತುಬಿಟ್ಟರು.

ಅಮ್ಮ ನನ್ನನ್ನು ಬೆಂಚಿನ ಕಡೆ ಎಳೆದಳು. "ಉಪಗ್ರಹದ ರೆಕ್ಕೆ ಬಿಚ್ಚದೆ ಸಿಕ್ಕಿಹಾಕ್ಕೊಂಡಿತಲ್ಲ, ಬಿಸಿಲಿಂದ ಕರೆಂಟ್ ಮಾಡೋ ರೆಕ್ಕೆ? ಅದು ನನ್ನಿಂದ ಕಣೇ."

"ಏನಮ್ಮ ನಿಂದು?"

"ಷಟಲ್ ಹಾರೋ ದಿನ ನಾನು ಮುಟ್ಟಾಗಿದ್ದೆ. ಪಕ್ಕದ ಮನೆಯವರ ಕೈಲಿ ದೇವರಿಗೆ ಕಾಯಿ ಒಡೆಸು ಅಂತ ಹೇಳಿ ನಿಮ್ಮಪ್ಪ ಡ್ಯೂಟಿಗೆ ಹೋದ್ರು. ನೋಡಿದ್ರೆ ಅವರು ಮದುವೆಗೆ ಹೋಗಿಬಿಟ್ಟಿದ್ರು. ಒಡೆಸದೆ ಬಿಡೋಕೆ ಮನಸ್ಸಾಗ್ಲಿಲ್ಲ, ನಾನೇ ಒಡೆದೆ. ಅವರೇ ಒಡೆದ್ರು ಅಂತ ಸುಳ್ಳು ಹೇಳ್ದೆ. ಪಾಪ, ರೆಕ್ಕೆ ಬಿಚ್ಚೋವರೆಗೂ ನಿಮ್ಮಪ್ಪ ಊಟಕ್ಕೂ ಮನೆಗೆ ಬರ್ತಿರಲಿಲ್ಲ."

ಅವಳ ಕಣ್ಣು ತುಂಬಿತ್ತು. ನನಗೋ ನಗು ತಡೆಯಲಾಗಲಿಲ್ಲ. ಮೊದಲೇ ನನ್ನ ಬಾಯಿಗೆ ಬೀಗವಿಲ್ಲ. ಹಿಲ್‌ಕ್ರಾಫ್ಟ್ ರಸ್ತೆಯ ನಮ್ಮವರ ಹೋಟೆಲಿನಲ್ಲಿ ದೋಸೆ ತಿನ್ನುವಾಗ, "ಅಪ್ಪಾ, ನಿಮ್ಮ ಸ್ಯಾಟಲೈಟ್ ಕೈಕೊಟ್ಟಿದ್ದು ಯಾಕೆ ಗೊತ್ತಾ?" ಎಂದು ಎಲ್ಲವನ್ನೂ ಒದರಿಬಿಟ್ಟೆ. ಅಮ್ಮನ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಅವಳು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ನಾನು ಚಟ್ನಿಯ ಜೊತೆಗೆ ಹಂಚಿದ್ದೆ. ಇವತ್ತಿಗೂ ಆ ನಗು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಪ್ಪ ನಗಲಿಲ್ಲ. "ಗೊತ್ತಿತ್ತು," ಎಂದರು. "ಡ್ಯೂಟಿ ಮುಗಿಸಿ ಬರುವಾಗ ಪಕ್ಕದ ಮನೆಗೆ ಬೀಗ ಹಾಕಿದ್ದನ್ನ ನೋಡಿದ್ದೆ."

ಅಮ್ಮ ತಲೆ ಎತ್ತಿದಳು. ಅಪ್ಪ ಎತ್ತಲಿಲ್ಲ, ದೋಸೆಯ ತುಂಡನ್ನು ಸಾಂಬಾರಿನಲ್ಲಿ ಅದ್ದುತ್ತಲೇ ಇದ್ದರು.

"ರೆಕ್ಕೆ ಸಿಕ್ಕಿಹಾಕ್ಕೊಂಡಾಗ ನಾನೂ ಅದನ್ನೇ ಅಂದ್ಕೊಂಡೆ. ಇಂಜಿನಿಯರ್ ಆಗಿ! ಊಟಕ್ಕೆ ಬರದೆ ಇದ್ದಿದ್ದು ಕೆಲಸ ಜಾಸ್ತಿ ಅಂತ ಅಲ್ಲ ಕಣೇ. ನಿನ್ನ ಕೈಯಿಂದ ಬಡಿಸಿಕೊಂಡು ತಿನ್ನೋಕೆ ಮನಸ್ಸು ಬರ್ತಿರಲಿಲ್ಲ. ರೆಕ್ಕೆ ಬಿಚ್ಚಿದ ಮೇಲೆ, ನಿನ್ನನ್ನ ಹಾಗೆ ಅಂದ್ಕೊಂಡಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ವಾಪಸ್ ಬರುವಾಗ ಅಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಮನೆ ತಲುಪಿದವಳೇ ಒಳಗೆ ಹೋಗಿ ಫ್ರಿಜ್ಜಿನ ಮೇಲಿದ್ದ ಕಾಯಿ ತಂದಳು.

"ಕಾರಿಗೆ ನಾನೇ ಒಡೀತೀನಿ," ಎಂದಳು ಅಪ್ಪನಿಗೆ. "ನೀವು ದೂರ ನಿಂತ್ಕೊಳ್ಳಿ."

ಅಪ್ಪ ಡ್ರೈವ್‌ವೇ ತುದಿಗೆ ಹೋಗಿ ನಿಂತರು.