ಹನ್ನೊಂದು ಬಟಾಟಿ ಗಿಡ, ಒಂದು ಬುಟ್ಟಿ ಮಾತು

ಹೋದ ತಿಂಗಳು ಒಂದು ಐತಾರ ನಮ್ಮ ಮನಿ ಮುಂದಿನ ಬಟಾಟಿ ಗಿಡಾ ಮೂರು ನಮೂನಿ ಬಟಾಟಿ ಹಡೀತು. ಒಂದ ಬುಡಕ್ಕ ನಾಕು ಕೆಂಪು, ಐದು ಬಿಳಿ, ಮ್ಯಾಲ ಮೊಳಕಿ ಒಡೆದ ಒಂದು ಮುದುಕ ಬಟಾಟಿ. (ಆಲೂಗಡ್ಡಿ ಅನ್ನವ್ರು ಆಲೂಗಡ್ಡಿ ಅಂತ ಓದ್ಕೋರಿ. ಗಿಡಕ್ಕೇನೂ ಬ್ಯಾಸರಿಲ್ಲ.)

ಹ್ಯಾಂಗಾತು ಅಂತ ಕೇಳ್ತೀರಿ. ಹೇಳ್ತೀನಿ. ನನ್ನ ಮರ್ಯಾದಿ ಹೋಗೋದೂ ಇದರಾಗ ಐತಿ. ಆದ್ರೂ ಹೇಳ್ತೀನಿ.

ಜಲನಗರದಾಗ ನಮ್ಮದು ಸಣ್ಣ ಮನಿ. ಗೇಟಿನ ಒಳಗ, ನೀರಿನ ಟಾಕಿ ಬಾಜೂಕ, ಒಂದು ಹಾಸಿಗಿ ಹಾಸುವಷ್ಟು ಮಣ್ಣಿನ ಜಾಗಾ ಐತಿ. ಟಿಕೋಟಾದಾಗ ಹೊಲಾ ಮಾಡಿದಾಕಿ ನಾ. ಈಗ ಈ ಹಾಸಿಗಿನ ನನ್ನ ಹೊಲಾ. ಮುಂಜಾನಿ ಇಲ್ಲೇ, ಸಂಜೀಕೂ ಇಲ್ಲೇ.

ಮಗ ಬಸೂಗ ಈ ಜಾಗದ ಮ್ಯಾಲ ಕಣ್ಣು. ಹೋದ ವರ್ಷ ಕಾರ್ ತಗೊಂಡಾನ. ಕಾರ್ ಹೊರಗ ರಸ್ತೆ ಮ್ಯಾಲ ನಿಲ್ತೈತಿ. ಯಾರೋ ಗೀರಿ ಹ್ವಾದ್ರು. ಅವತ್ತಿಂದ ಶುರು ಆತು.

"ಯವ್ವಾ, ಇಲ್ಲಿ ಟೈಲ್ಸ್ ಹಾಕ್ಸಿ ಪಾರ್ಕಿಂಗ್ ಮಾಡೂಣು. ಕೊತಂಬ್ರಿ ದಿನಾ ಬಂಡಿ ಮ್ಯಾಲ ಬರ್ತೈತಿ."

"ನಿನ್ನ ಕಾರಿಗೇನು ಜ್ವರಾ ಬಂದಾವ, ಒಳಗ ಮಲಗಸಾಕ?"

"ಒಂದು ಹೊತ್ತಿನ ಪಲ್ಯಾಕ್ಕ ಆಗುವಷ್ಟರ ಬೆಳದು ತೋರಸು. ಬಿಡ್ತೀನಿ."

"ಒಂದ ಹೊತ್ತು ಯಾಕ? ಬುಟ್ಟಿ ತುಂಬ ಬೆಳೀತೀನಿ. ಬಟಾಟಿ!"

ಬಟಾಟಿ ಅಂತ ಯಾಕ ಬಾಯಿಗೆ ಬಂತು? ಆ ಹೊತ್ತಿನ್ಯಾಗ ನನ್ನ ಕೈಯಾಗ ಮೊಳಕಿ ಒಡೆದ ಬಟಾಟಿ ಇತ್ತು, ಅದಕ್ಕ. ಬದನಿಕಾಯಿ ಇದ್ದಿದ್ರ ಬದನಿಕಾಯಿ ಅಂತಿದ್ದೆ. ಮನಷ್ಯಾ ದೊಡ್ಡ ದೊಡ್ಡ ಮಾತು ಆಡೋದು ಹಿಂಗ ಅಲ್ಲೇನ್ರಿ?

ಮಾತು ಪಕ್ಕಾ ಆತು. ಸಂಕ್ರಮಣ ಆದ ಮ್ಯಾಲ ಮೊದಲನೇ ಐತಾರ ಅಗೀಬೇಕು. ಬುಟ್ಟಿ ತುಂಬಿದ್ರ ಜಾಗಾ ನಂದು. ತುಂಬಲಿಲ್ಲಂದ್ರ ಟೈಲ್ಸ್. ಪಂಚಾಯ್ತಿ ಮಾಡಾಕ ಎದುರುಮನಿ ನೀಲವ್ವ. ಆಕಿ ಕಳ್ಳಕವಟಗಿ ಅನ್ನೂ ಊರಿನ ಒಕ್ಕಲುತನದವರ ಮಗಳು, ಬಾಯಿ ಕುಡಗೋಲು. ಬಸು ಎಷ್ಟು ಶ್ಯಾಣ್ಯಾ ಅಂದ್ರ, ಮರುದಿನಾನ ಟೈಲ್ಸ್ ತಂದು ಗ್ವಾಡಿಗೆ ಒಟ್ಟಿಬಿಟ್ಟ. ಗಿಡಾ ಹುಟ್ಟೂಕಿಂತ ಮೊದಲ ಅದರ ಗೋರಿ ಕಲ್ಲು ತಂದಂಗ.

ದೀಪಾವಳಿ ಮುಗಿಸಿ ಬಟಾಟಿ ಹೋಳು ಮಾಡಿದೆ. ಹೋಳಿಗೊಂದು ಕಣ್ಣು ಇರೂಹಂಗ ನೋಡಿ ಹಚ್ಚಿದೆ. ನಮ್ಮ ಕರೀ ಎರಿ ಮಣ್ಣು ಬರೇ ಗಟ್ಟಿ ಹೆಂಟಿ. ಬೂದಿ, ತಿಪ್ಪಿ ಗೊಬ್ಬರ ಕಲಸಿ ಪುಡಿ ಮಾಡಿದೆ. ಹನ್ನೊಂದು ಗಿಡಾ ಎದ್ದವು. ಬುಡಕ್ಕ ಮಣ್ಣು ಏರಸಿದೆ. ಎಲಿ ಹೆಂಗಿದ್ವು ಅಂತೀರಿ! ಬಸು ಕಾರ್ ಒರಸೋದು ಬಿಟ್ಟು ನೋಡಾಕತ್ತ.

ಇಲ್ಲೀತನಕ ಎಲ್ಲಾ ಬರೋಬರಿ. ಮುಂದ ಕೆಡಿಸಿದಾಕಿ ನಾನು.

ಜೋಳಾ ನೋಡ್ರಿ, ತೆನಿ ಎತ್ತಿ ತೋರಸ್ತೈತಿ. ತೊಗರಿ ಜೋತಾಡಿ ತೋರಸ್ತೈತಿ. ಈ ಬಟಾಟಿ ಮಾತ್ರ ಮುಚ್ಚಿಟಗೊಂಡು ಕುಂದರ್ತೈತಿ. ಒಳಗ ಏನೈತೋ, ಏನಿಲ್ಲೋ! ಶೇಂಗಾನೂ ಹಂಗ, ಖರೆ. ಆದ್ರ ಶೇಂಗಾ ಹೊಲದಾಗ ನಾವೇನ ಮಾಡ್ತೀವಿ? ಎಂಟು ದಿನಕ್ಕೊಮ್ಮಿ ಒಂದ ಗಿಡಾ ಕಿತ್ತು, ಕಾಯಿ ಒಡದು, ಕಾಳು ತುಂಬೈತೋ ಇಲ್ಲೋ ನೋಡ್ತೀವಿ. ನನ್ನ ತವರಮನಿ ಬಬಲೇಶ್ವರದಾಗ ನಮ್ಮಪ್ಪ ಹಂಗ ನೋಡ್ತಿದ್ದ. ಟಿಕೋಟಾದಾಗ ನಾನೂ ಹಂಗ ನೋಡೇನಿ. ಎಕರೆಗಟ್ಟಲೆ ಶೇಂಗಾದಾಗ ಒಂದ ಗಿಡಾ ಹ್ವಾದ್ರ ಏನಾತು?

ಹನ್ನೊಂದರಾಗ ಒಂದು ಹ್ವಾದ್ರ?

ಇದು ನನಗ ಹೊಳೀಲಿಲ್ಲ. ಮೊದಲನೇ ಸಲ ಕಿತ್ತೆ: ಬರೇ ಬೇರು. ಮುಂದಿನ ವಾರ ಕಿತ್ತೆ: ಬಟಾಣಿಯಷ್ಟು. ಅದರ ಮುಂದಿನ ವಾರ: ಅಡಕಿಯಷ್ಟು. ಭಾಳ ಚಲೋ ಬರಾಕತ್ತಾವ ಅಂತ ಖುಷೀಲೆ ಮತ್ತೊಂದು ಕಿತ್ತೆ. ನೀಲವ್ವ ಬಂದು, "ನನಗೂ ಒಂದ ತೋರಸ ಬೇ ಯಕ್ಕಾ, ಪಂಚಾಯ್ತಿ ಮಾಡಾಕಿ ನಾ ನೋಡಬ್ಯಾಡೇನು?" ಅಂದ್ಳು. ಆಕಿಗೊಂದು. ಊರಿಂದ ನನ್ನ ತಂಗಿ ಬಂದ್ಳು. ಆಕಿಗೊಂದು. ಏಳನೇದು ಕಿತ್ತ ಮ್ಯಾಲ ಬುದ್ಧಿ ಬಂತು, ವಾಪಸ್ ನೆಟ್ಟು ನೀರು ಹಾಕಿದೆ. ಅದು ಸಿಟ್ಟಿಗೆದ್ದು ಸತ್ತಿತು.

ಸಂಕ್ರಮಣದ ಕುಸುರೆಳ್ಳು ತಿನ್ನೂ ಹೊತ್ತಿಗೆ ಎಣಿಸಿದ್ರ ನಾಕ ಗಿಡಾ!

ಸೊಸಿ ಶಾರದಾ ಅಡಗಿಮನಿ ಖಿಡಕ್ಯಾಗಿಂದ ಎಲ್ಲಾ ನೋಡ್ಯಾಳ. ಒಂದ ಸಲ ಮಾತ್ರ ಬಾಯಿ ಬಿಟ್ಳು. "ಅತ್ತೀ, ಅನ್ನಾ ಬೆಂದೈತೋ ಇಲ್ಲೋ ಅಂತ ನಾನೂ ಎರಡ ಅಗಳು ಹಿಚಕಿ ನೋಡ್ತೀನ್ರಿ. ನೀವು ಗಡಿಗೀನ ಖಾಲಿ ಮಾಡಾಕತ್ತೀರಿ."

ಈಗ ನಾ ಏನು ಮಾಡ್ಲಿ? ಜಾಗಾ ಹೋಗ್ತೈತಿ. ಗ್ವಾಡಿಗೆ ಒಟ್ಟಿದ ಟೈಲ್ಸ್ ನನ್ನ ನೋಡಿ ಹಲ್ಲು ಕಿರದಂಗ ಕಾಣಾಕತ್ತು. ಸುಳ್ಳು ಹೇಳಬಾರದು ಅಂತ ಇದ ಮಗಗ ಸಣ್ಣಾಂವ ಇದ್ದಾಗ ಕಿವಿ ಹಿಂಡಿ ಕಲಿಸಿದಾಕಿ ನಾ. ಶನಿವಾರ ಸೊಲ್ಲಾಪುರ ರಸ್ತೆಗೆ ಹೋಗಿ ಒಂದ ಚೀಲಾ ಬಿಳಿ ಬಟಾಟಿ ತಂದೆ. ಮಧ್ಯಾಹ್ನ ಎಲ್ಲಾರೂ ಉಂಡು ಅಡ್ಡಾದ್ರು. ಗಿಡಕ್ಕ ಐದರಂಗ ಬುಡಕ್ಕ ಹುಗದೆ. (ಯಾಕ ಹಂಗ ನೋಡ್ತೀರಿ? ನಿಮ್ಮ ಹಾಸಿಗಿಯಷ್ಟು ಹೊಲಾ ಹೊಂಟ್ರ ನೀವೂ ಹುಗೀತಿದ್ರಿ.)

ಮಣ್ಣು ಬೆಣ್ಣಿಯಂಗ ಮೆತ್ತಗಿತ್ತು. ಎರಿ ಮಣ್ಣು ಯಾವಾಗ ಹಂಗ ಇರ್ತೈತಿ? ಅವಾಗರ ನನಗ ಸಂಶೇ ಬರಬೇಕಿತ್ತು. ಬರಲಿಲ್ಲ.

ಐತಾರ ಬಂತು. ನೀಲವ್ವ ಬುಟ್ಟಿ ಹಿಡಕೊಂಡು ಬಂದ್ಳು. ಬಸು ಸಲಿಕಿ ಹಾಕಿ ಮೊದಲನೇ ಗಿಡಾ ಎತ್ತಿದ. ದಡದಡ ಉದರಿದ್ವು. ನಾ ಹುಗದದ್ದು ಐದು, ಬಂದದ್ದು ಹತ್ತರ ಮ್ಯಾಲ! ಬಿಳಿ ಇರಲಿ, ಕೆಂಪೂ ಬಂದ್ವು!

ನಾ ಬಾಯಿ ಬಿಡೂಹಂಗಿಲ್ಲ. ಶಾರದಾ ಬಸೂನ ನೋಡ್ತಾಳ, ಬಸು ನನ್ನ ನೋಡ್ತಾನ, ನಾ ಟೈಲ್ಸ್ ನೋಡ್ತೀನಿ. ಮೂರನೇ ಗಿಡಕ್ಕ ಬುಟ್ಟಿ ತುಂಬಿತು. ನಾಕನೇದು ನೀಲವ್ವನ ಉಡಿಗೆ ಹೋತು.

ನೀಲವ್ವ ಒಂದ ಬಟಾಟಿ ಎತ್ತಿ ಬಿಸಲಿಗೆ ಹಿಡಿದ್ಳು. "ಯಕ್ಕಾ, ಇದಕ್ಕ ಮೊಳಕಿ ಬಂದೈತಿ. ನಿನ್ನ ಗಿಡಾ ಮಕ್ಕಳನ್ನಷ್ಟ ಅಲ್ಲ, ಮೊಮ್ಮಕ್ಕಳನ್ನೂ ಹಡದೈತೇನ ಬೇ?"

"ಜಲನಗರದ ನೀರು ಹಂಗ," ಅಂದೆ.

"ಇದರ ಮೈಗೆ ಉಳ್ಳಾಗಡ್ಡಿ ಸಿಪ್ಪಿ ಅಂಟೈತಿ. ಇದೂ ನೀರೇನು?"

ಶಾರದಾ ಸೆರಗು ಬಾಯಾಗ ತುರುಕಿಕೊಂಡು ನಗಾಕತ್ಳು. ನಕ್ಕು ನಕ್ಕು ಕೆಳಗ ಕುಂತ್ಳು. "ಅಡಗಿಮನಿ ಬುಟ್ಟ್ಯಾಗಿನವು ಅವು. ಶುಕ್ರವಾರ ನಾನ ಹುಗದೇನ್ರಿ, ಅತ್ತೀ. ನೀವು ಮೂರು ದಿನದಿಂದ ಬರೋಬರಿ ಉಂಡಿದ್ದಿಲ್ಲ."

ಸೊಸಿನ ಒಪ್ಪಿಕೊಂಡ ಮ್ಯಾಲ ನಾ ಯಾವ ಮುಖಾ ಇಟಗೊಂಡು ಸುಮ್ಮನಿರ್ಲಿ? ಬಿಳಿ ನಂದು ಅಂದೆ.

ಹಂಗಾರ ಕೆಂಪು ಯಾರವು?

ಬಸು ಸಲಿಕಿಗೆ ಅಂಟಿದ ಮಣ್ಣು ಕೆರಿಯಾಕತ್ತಿದ್ದ. ಇಲ್ಲದ ಮಣ್ಣು ಕೆರಿಯಾಕತ್ತಿದ್ದ.

"ಲೇ ಬಸ್ಯಾ! ಟೈಲ್ಸ್ ತಂದಾಂವ ನೀನು. ನೀ ಯಾಕೋ ಹುಗದಿ?"

"ಶನಿವಾರ ಮುಂಜಾನಿ ಕಾರ್ ತೊಳಿಯೂ ನೆಪಾ ಮಾಡಿ ಹುಗದೆ," ಅಂದ.

"ಯಾವಾಗ ಅಂತ ಕೇಳಲಿಲ್ಲೋ, ಯಾಕ ಅಂತ ಕೇಳಿದೆ."

"ಈ ಜಾಗಾ ಹ್ವಾದ್ರ ನೀ ಇಡೀ ದಿನಾ ಎಲ್ಲಿ ಕುಂದರ್ತಿ ಯವ್ವಾ? ಹಾಲ್‌ನ್ಯಾಗ. ನಮ್ಮ ನೆತ್ತಿ ಮ್ಯಾಲ. ಕಾರಿಗೆ ಇನ್ನೊಂದು ಗೀರು ಬಿದ್ರೂ ನಡೀತೈತಿ."

ಕಣ್ಣೀರು ಬಂತೇನು ಅಂತ ಕೇಳಬ್ಯಾಡ್ರಿ. ಬರಲಿಲ್ಲ. ಅಂವ ಖರೇನ ಹೇಳ್ಯಾನ. ನಾ ಒಳಗ ಕುಂತ್ರ ಫ್ಯಾನ್ ಬಂದ್ ಮಾಡ್ತೀನಿ. ಟಿವಿ ಸಪ್ಪಳಾ ಇಳಸು ಅಂತೀನಿ. ಫೋನಿನ್ಯಾಗ ಯಾರು, ಏನಂದ್ರು, ಅವರ ಮನ್ಯಾಗ ಏನು ಅಡಗಿ ಅಂತ ಕೇಳ್ತೀನಿ. ನನ್ನ ಜೋಡಿ ಇಡೀ ದಿನಾ ಇರೋದು ನನಗ ತ್ರಾಸು. ಅವರಿಗೆ ಹ್ಯಾಂಗಾಗಬ್ಯಾಡ?

ನೋಡ್ರಿ, ನಿಮ್ಮ ಮನ್ಯಾಗೂ ಇದ ನಡದಿರ್ತೈತಿ. "ಸಾರು ಭಾಳ ಚಲೋ ಆಗೈತಿ" ಅಂತೀರಿ. "ಈ ಸೀರಿ ನಿಮಗ ಒಪ್ತೈತ್ರಿ" ಅಂತಾರ. ಮ್ಯಾಲ ಗಿಡಾ ಖರೆ, ಬುಡಕ್ಕ ಪ್ಯಾಟಿ ಮಾಲು. ಮೂರೂ ಮಂದಿ ಒಂದ ಮಣ್ಣಿನ ಮಡ್ಯಾಗ ಹುಗದಾಗಷ್ಟ ಸಿಕ್ಕಿಬೀಳ್ತೀವಿ.

ನೀಲವ್ವ ಟೊಂಕದ ಮ್ಯಾಲ ಕೈ ಇಟಗೊಂಡು ತೀರ್ಪು ಕೊಟ್ಳು. "ಬುಟ್ಟಿ ತುಂಬಬೇಕು ಅಂತ ಮಾತಿತ್ತು. ಯಾರು ತುಂಬಬೇಕು ಅಂತ ಇರಲಿಲ್ಲ. ಜಾಗಾ ಯಕ್ಕಂದು." ಉಡ್ಯಾಗಿನ ಬಟಾಟಿ ವಾಪಸ್ ಕೊಡಲಿಲ್ಲ. ಪಂಚಾಯ್ತಿ ಮಾಡಿದ್ದಕ್ಕ ಅಂತ.

ಖರೇ ಬೆಳದದ್ದು ಎಷ್ಟು? ತೊಗಲು ಹಾಳಿಯಂಗ ತೆಳ್ಳಗ, ಬೇರು ಇನ್ನೂ ಅಂಟಿಕೊಂಡಿದ್ದು, ಲಿಂಬಿಕಾಯಿಯಷ್ಟು: ಹದಿಮೂರು. ಕುದಿಸಿ, ಉಪ್ಪು ಖಾರಾ ಹಚ್ಚಿ ಅಲ್ಲೇ ಕುಂತು ತಿಂದ್ವಿ. ಮನಿ ಬಟಾಟಿ ಅಂತ ಪ್ಯಾಟಿ ಬಟಾಟೀಕಿಂತ ರುಚಿ ಇದ್ವೇನು? ಇರಲಿಲ್ಲ. ಬಟಾಟಿ ಬಟಾಟೀನ.

ಟೈಲ್ಸ್ ಈಗ ನನ್ನ ಮಡಿ ಸುತ್ತ ಕಟ್ಟಿ ಆಗ್ಯಾವ. ಕುಂದರಾಕ ಚಲೋ ಅದಾವ.

ಈ ಸಲ ಹೀರಿಕಾಯಿ ಬೀಜಾ ಹಾಕೇನಿ. ಕಾಯಿ ಕಣ್ಣಿಗೆ ಕಾಣ್ತೈತಿ. ಕಿತ್ತು ನೋಡೂ ಕೆಲಸಿಲ್ಲ. ಪ್ಯಾಟಿ ಕಾಯಿ ತಂದು ಹುಗಿಯಾಕಂತೂ ಬರೂದಿಲ್ಲ. ಬಳ್ಳಿ ಇನ್ನೂ ಗೇಣುದ್ದ ಐತಿ. ಆದ್ರ ನಿನ್ನೆ ಶಾರದಾ ಪ್ಯಾಟಿಂದ ಹಸರ ದಾರದ ಉಂಡಿ ತಂದು ಬಚ್ಚಿಟ್ಟಾಳ.

ಯಾತಕ್ಕ ಅಂತೀರಿ?