ಗೆಣ್ಣಿನ ಮೇಲಿನ ಎರಡು ಗುರುತು

ಅವರು ಬಲಗೈ ಮುಷ್ಟಿ ಕಟ್ಟಿದರೆ ನಡುಬೆರಳಿನ ಗೆಣ್ಣಿನ ಮೇಲೆ ಎರಡು ಬಿಳಿ ಗುರುತು ಎದ್ದು ಕಾಣುತ್ತಿದ್ದವು. ಎರಡೂ ಉಗುರಿನ ತುದಿಯಷ್ಟು ಬಾಗಿದ ಗೆರೆಗಳು, ಪಕ್ಕಪಕ್ಕದಲ್ಲಿ. ಕೈ ಬಿಚ್ಚಿದರೆ ಚರ್ಮದ ಸುಕ್ಕಿನಲ್ಲಿ ಸೇರಿಹೋಗುತ್ತಿದ್ದವು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ನೋಡಲು ಬೇರೇನೂ ಇರುವುದಿಲ್ಲ. ಇಕ್ಕಳ ಹಿಡಿದ ಕೈಯೊಂದೇ ಕಣ್ಣಿನ ಮುಂದೆ. ಯಶವಂತಪುರ ಮಾರುಕಟ್ಟೆಯ ಸುತ್ತಮುತ್ತಲಿನ ಅರ್ಧ ಜನ ಆ ಗುರುತನ್ನು ಹಾಗೆ ನೋಡಿದ್ದರು.

ಅದರ ಕಥೆ ಹೇಳುತ್ತಿದ್ದವನು ಕ್ಲಿನಿಕ್ಕಿನ ಕೆಳಗಿನ ಸೈಕಲ್ ಷಾಪಿನವನು. "ನಮ್ ಡಾಕ್ಟ್ರು ಗರಡಿ ಆಳು ಕಣ್ರೀ. ಹುಡುಗ್ರಾಗಿದ್ದಾಗ ರೌಡಿ ಒಬ್ಬಂಗೆ ಒಂದೇ ಗುದ್ದು, ಹಲ್ಲೆರಡೂ ಕೈಯಲ್ಲೇ ನೆಟ್ಕೊಂಡ್ವಂತೆ. ಉದುರ್ಸೋರೂ ಇವ್ರೇ, ಕಟ್ಟೋರೂ ಇವ್ರೇ!" ಡಾಕ್ಟರು ಇದನ್ನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ನಾನು ಅವರ ಮೆಟ್ಟಿಲು ಹತ್ತಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ರಕ್ತ ಉಗುಳುತ್ತಾ. ತುಮಕೂರು ರಸ್ತೆಯ ಒಂದು ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರ ನಡೆಯುತ್ತಿತ್ತು. ಪತ್ರಿಕೆಯ ವರದಿಗಾರನಾಗಿ ನಿಂತಿದ್ದೆ. ಕಲ್ಲು ಬಂದವು, ಲಾಠಿ ಬಂದವು. ಯಾವುದು ಮೊದಲು ಎಂಬುದನ್ನು ಎರಡು ಕಡೆಯವರೂ ತಮ್ಮ ತಮ್ಮ ರೀತಿಯಲ್ಲಿ ಹೇಳಿದರು. ನನ್ನ ಬಾಯಿಗೆ ಬಿದ್ದದ್ದು ಲಾಠಿಯ ತುದಿ. ಮೇಲಿನ ಸಾಲಿನ ಒಂದು ಹಲ್ಲು ಅಲ್ಲೇ ಮಣ್ಣಿನಲ್ಲಿ ಉಳಿಯಿತು.

ಡಾಕ್ಟರು ನನ್ನ ಬಾಯಿ ನೋಡಲಿಲ್ಲ. ಮೊದಲು ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು. ಆಮೇಲೆ ಗಡಿಯಾರ ಬಿಚ್ಚಿಸಿ, ಅದರ ಚೈನು ಕೂರುವ ಜಾಗದ ಚರ್ಮ ನೋಡಿದರು.

"ಬಿದ್ದಿಲ್ಲ ನೀವು. ಬಿದ್ದೋರು ಮೊದ್ಲು ಕೈ ಊರ್ತಾರೆ, ಅಂಗೈ ತರಚಿರತ್ತೆ. ಯಾರು ಹೊಡೆದಿದ್ದು?"

"ಪೊಲೀಸ್ನೋರು."

"ಪೇಪರ್‌ನಲ್ಲಿ ಬರೀತೀರಾ?"

"ಬರೀತೀನಿ."

"ಹಂಗಾದ್ರೆ ಗಟ್ಟಿ ಲೋಹದ್ದೇ ಹಾಕ್ಬೇಕು ನಿಮಗೆ. ಮತ್ತೆ ಬರ್ತೀರಿ."

ಅದು ಅವರ ಪದ್ಧತಿ. ಅಂಗೈ ಮೊದಲು, ನಂತರ ಗಂಡಸರಾದರೆ ಮಣಿಕಟ್ಟು, ಹೆಂಗಸರಾದರೆ ಕಿವಿ, ಬಾಯಿ ಕೊನೆಗೆ. ಸೋವಿ ಓಲೆ ಹಾಕಿದರೆ ಕೆಲವರ ಕಿವಿ, ಗಡಿಯಾರದ ಚೈನು ಕಟ್ಟಿದರೆ ಮಣಿಕಟ್ಟು ಕೆರೆದು ನೀರು ಸೋರುತ್ತದಲ್ಲ, ಅದು ಅವುಗಳೊಳಗಿನ ನಿಕ್ಕಲ್ ಲೋಹ ಮೈಗೆ ಆಗದಿರುವುದರಿಂದ. ಅಂಥವರ ಬಾಯಿಗೆ ಅವರು ನಿಕ್ಕಲ್ ಇಡುತ್ತಿರಲಿಲ್ಲ.

ಲೋಹವನ್ನು ಎರಕ ಹೊಯ್ಯುವ ಕೆಲಸವನ್ನೂ ಅವರೇ ಹಿಂದಿನ ಕೋಣೆಯಲ್ಲಿ ಮಾಡುತ್ತಿದ್ದರು. ನನ್ನ ಹಲ್ಲು ತಯಾರಾಗುವಾಗ ಅಲ್ಲಿ ಕೂತು ನೋಡಿದ್ದೇನೆ. "ಬರೀ ಪಿಂಗಾಣಿ ಅಂದ್ರೆ ಟೀ ಕಪ್ಪು. ಚಕ್ಲಿ ಕಚ್ಚಿದ್ರೆ ಚೂರು. ಒಳಗೆ ಲೋಹ ಇರ್ಬೇಕು, ಮೇಲೆ ಪಿಂಗಾಣಿ ಬೇಯಿಸ್ಬೇಕು" ಎನ್ನುತ್ತಿದ್ದರು. ಒಳಗಿನ ಲೋಹ ಎರಡು ಬಗೆ. ಪ್ಲಾಟಿನಂ, ಪಲ್ಲೇಡಿಯಂ ಬೆರೆಸಿದ ಚಿನ್ನ ಒಂದು, ಅದು ಅನುಕೂಲಸ್ಥರಿಗೆ. ಇನ್ನೊಂದು ಆಗಷ್ಟೇ ಬಳಕೆಗೆ ಬರುತ್ತಿದ್ದ ನಿಕ್ಕಲ್-ಕ್ರೋಮಿಯಂ. "ಚಿನ್ನ ಮಾತು ಕೇಳತ್ತೆ. ಈ ಬಡ್ಡೀಮಗಂದು ಕೇಳಲ್ಲ. ಆದ್ರೆ ಬಾಗಲ್ಲ, ನೋಡಿ."

ಒಮ್ಮೆ ಹೆಸರಘಟ್ಟದ ಅಜ್ಜಿಯೊಬ್ಬಳು ಸೆರಗಿನ ಗಂಟು ಬಿಚ್ಚಿ, ತೀರಿಹೋದ ಗಂಡನ ಉಂಗುರ ಮುಂದಿಟ್ಟಳು. ಅದನ್ನೇ ಕರಗಿಸಿ ಹಲ್ಲು ಮಾಡಬೇಕಂತೆ.

"ಅಜ್ಜೀ, ಒಡವೆ ಚಿನ್ನ ಇದಕ್ಕಾಗಲ್ಲ. ಪಿಂಗಾಣಿ ಬೇಯೋ ಬಿಸಿಗೆ ನಿಮ್ಮ ಯಜಮಾನ್ರು ನೀರಾಗಿ ಹರಿದ್ಬಿಡ್ತಾರೆ."

"ಅರೀಲಿ ಬುಡಪ್ಪ. ಇದ್ದಾಗ್ಲೂ ಅಂಗೇ, ಒಂದ್ ಕಡೆ ನಿಂತೋರಲ್ಲ" ಎಂದು ಅಜ್ಜಿ ಉಂಗುರವನ್ನು ಮತ್ತೆ ಗಂಟು ಕಟ್ಟಿಕೊಂಡಳು. ಡಾಕ್ಟರು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ.

ನಗುವವರಲ್ಲ ಅವರು. ಸಿಟ್ಟಿನ ಮನುಷ್ಯ. ಎರಕದಲ್ಲಿ ತೂತು ಬಿದ್ದರೆ ಆ ಲೋಹದ ತುಂಡನ್ನು ಗೋಡೆಗೆ ಬೀಸಿ ಎಸೆಯುತ್ತಿದ್ದರು. ಹಿಂದಿನ ಕೋಣೆಯ ಗಾರೆ ಒಂದು ಆಳೆತ್ತರದಲ್ಲಿ ಗುಂಡಿ ಗುಂಡಿ. ಅವರ ಕೈ ಮೇಲೇಳುವ ಮೊದಲೇ, ಬಾಗಿಲಲ್ಲಿ ನಿಂತ ಅವರ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಿರುತ್ತಿದ್ದರು. ಪಾಪ, ರೂಢಿಯಾಗಿದೆ ಎಂದುಕೊಂಡಿದ್ದೆ.

ಆಕೆ ಹೊರಗಿನ ಕೋಣೆ ನೋಡಿಕೊಳ್ಳುತ್ತಿದ್ದರು. ಇಕ್ಕಳ, ಕನ್ನಡಿಗಳನ್ನು ಕುದಿಸುವುದು, ಹೆದರಿದವರಿಗೆ ಧೈರ್ಯ ಹೇಳುವುದು. ಆಕೆಯ ಮುಂದಿನ ಹಲ್ಲುಗಳೇ ಕ್ಲಿನಿಕ್ಕಿನ ಜಾಹೀರಾತು. "ನೋಡಿ, ನಂದೂ ಇವ್ರೇ ಕಟ್ಟಿದ್ದು. ಒಳಗೆ ಚಿನ್ನದ ಲೋಹ. ಗೊತ್ತಾಗತ್ತಾ?" ಎಂದು ತುಟಿ ಎತ್ತಿ ತೋರಿಸುವರು. ಏನಾಗಿತ್ತು ಎಂದು ಕೇಳಿದವರಿಗೆ, "ನೀರು ಹೊಡೀವಾಗ ಕೈಪಂಪಿನ ಹಿಡಿ ಬಡೀತು" ಎನ್ನುವರು.

ಎಂಬತ್ತರ ದಶಕದ ಶುರುವಿನಲ್ಲಿ ಒಂದು ಬೆಳಿಗ್ಗೆ ಮಾಕಳಿಯ ಕಡೆಯಿಂದ ಒಬ್ಬ ಹೆಂಗಸು ಬಂದಳು. ಇಪ್ಪತ್ತೈದರ ಆಸುಪಾಸು. ಗಂಡ ಪೀಣ್ಯದಲ್ಲಿ ಲೇತ್ ಯಂತ್ರದ ಕೆಲಸಗಾರ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ; ತುಟಿ ಸೀಳಿತ್ತು. ಬೆಂಚಿನ ಮೇಲೆ ನಾನೂ ಇದ್ದೆ, ನನ್ನ ಹಲ್ಲು ತೋರಿಸಲು ಹೋಗಿದ್ದೆ.

"ಒಗ್ಯೋ ಕಲ್ಲಿನ ಮ್ಯಾಲೆ ಬಿದ್ದೆ ಸಾ" ಎಂದಳು.

ಡಾಕ್ಟರು ಅಂಗೈ ನೋಡಿದರು. ಒಂದು ಗೀರೂ ಇರಲಿಲ್ಲ. ಕಿವಿ ನೋಡಿದರು. ಸೋವಿ ಓಲೆ ಇದ್ದರೂ ಕಿವಿ ಚೆನ್ನಾಗಿತ್ತು. "ನಿಕ್ಕಲ್ ಆಗತ್ತೆ" ಎಂದಷ್ಟೇ ಹೇಳಿ ಒಳಗೆ ಹೋದರು. ಸಾಣೆ ಯಂತ್ರದ ಸದ್ದು ಶುರುವಾಯಿತು.

ಹೆಂಡತಿ ಆ ಹೆಣ್ಣಿಗೆ ಮಜ್ಜಿಗೆ ಕೊಟ್ಟು ಪಕ್ಕದಲ್ಲಿ ಕೂತರು. ದನಿ ಏರಿಸದೆ ಕೇಳಿದರು: "ಎಡಗೈನಾ, ಬಲಗೈನಾ?"

ಅವಳು ಲೋಟ ಕೆಳಗಿಟ್ಟಳು. "ಬಲಗೈ, ಅಕ್ಕ."

ಒಳಗೆ ಯಂತ್ರ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಓಡಿತು.

ಅವಳಿಗೆ ಕಟ್ಟಿದ್ದು ಸೇತುವೆ ಹಲ್ಲು. ಹೋದ ಎರಡು, ಅವುಗಳ ಅಕ್ಕಪಕ್ಕದಲ್ಲಿ ಆಧಾರಕ್ಕೆಂದು ತೇಯ್ದ ಎರಡು, ಒಟ್ಟು ನಾಲ್ಕಕ್ಕೂ ಸೇರಿ ಒಳಗೆ ಲೋಹದ ಒಂದೇ ತುಂಡು. ಮೇಲೆ ಪಿಂಗಾಣಿ.

ವರ್ಷ ತುಂಬುವ ಮೊದಲು ಗಂಡ ಅದೇ ಬಾಯಿಗೆ ಮತ್ತೆ ಗುದ್ದಿದ. ಮೊದಲ ಏಟಿಗೆ ಪಿಂಗಾಣಿ ಒಡೆದು ಚೂರುಚೂರಾಯಿತು. ಅವನು ನಿಲ್ಲಿಸಲಿಲ್ಲ. ಕೊನೆಗೆ ಆಧಾರದ ಎರಡು ಹಲ್ಲು ಬೇರುಸಹಿತ ಕಿತ್ತು, ಲೋಹದ ಪಟ್ಟಿ ಅಂಗಳಕ್ಕೆ ಬಿತ್ತು. ದವಡೆ ಮುರಿಯಿತು. ಅಕ್ಕಪಕ್ಕದವರು ಅವಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ರಸ್ತೆಗೆ ತಂದು ಆಸ್ಪತ್ರೆಗೆ ಸೇರಿಸಿದರು. ಈ ಸಲ ಅವಳು ಕಲ್ಲಿನ ಕಥೆ ಹೇಳಲಿಲ್ಲ. ದವಡೆಗೆ ತಂತಿ ಕಟ್ಟಿದ್ದರಿಂದ ಪೊಲೀಸರು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಉತ್ತರ ಕೊಟ್ಟಳು.

ಕೋರ್ಟಿನಲ್ಲಿ ಗಂಡನ ವಾದ ಎರಡು ಮಾತಿನದು: ಅವಳು ಒಗೆಯುವ ಕಲ್ಲಿನ ಮೇಲೆ ಬಿದ್ದಳು, ತನ್ನ ಬಲಗೈ ಗಾಯ ಲೇತ್ ಯಂತ್ರದ್ದು. ಹೊಡೆದದ್ದನ್ನು ಕಣ್ಣಾರೆ ಕಂಡವರಿಲ್ಲ. ಅವನು ಬಿಡುಗಡೆಯಾದರೆ ಅವಳು ವಾಪಸು ಹೋಗಬೇಕಾದದ್ದು ಅದೇ ಮನೆಗೆ. ಹಲ್ಲು ಕಟ್ಟಿದವರೆಂದು ಡಾಕ್ಟರಿಗೆ ಸಾಕ್ಷಿಯ ಸಮನ್ಸು ಬಂತು. ಹಿಂದಿನ ದಿನ ನನ್ನನ್ನು ಕೇಳಿದ್ದರು, "ನಾಳೆ ಕೋರ್ಟಲ್ಲಿ ಇರ್ತೀರಾ?" ಇರುತ್ತೇನೆ ಎಂದೆ. "ಸರಿ" ಎಂದರು.

ಮರುದಿನ ಕಟಕಟೆಯಲ್ಲಿ ಲೋಹದ ಪಟ್ಟಿಯನ್ನು ಡಾಕ್ಟರ ಕೈಗೆ ಕೊಟ್ಟರು. ತಾನು ಮಾಡಿದ್ದೇ ಎಂದರು. ಆರೋಪಿಯ ಕೈ ನೋಡಿ, ಇದು ಹಲ್ಲಿಗೆ ಗುದ್ದಿದ ಗಾಯ ಎಂದರು. ಗಂಡನ ಪರ ವಕೀಲರು ಎದ್ದರು.

"ಡಾಕ್ಟ್ರೇ, ನೀವು ಓದಿದ್ದು ಹಲ್ಲಿಂದೋ, ಕೈದೋ?"

"ಹಲ್ಲಿಂದು."

"ಮತ್ತೆ ಇಂಥ ಕೈ ಎಷ್ಟು ನೋಡಿದೀರಿ?"

"ಒಂದು."

ಹಿಂದಿನ ಸಾಲಿನಲ್ಲಿ ನಕ್ಕರು. ಡಾಕ್ಟರು ಬಲಗೈ ಮುಷ್ಟಿ ಕಟ್ಟಿ ಕಟಕಟೆಯ ಮೇಲಿಟ್ಟರು.

"ಇದು. ಮದುವೆಯಾದ ವರ್ಷ ನನ್ನ ಹೆಂಡ್ತಿ ಬಾಯಿಗೆ ಗುದ್ದಿದ್ದೆ. ಅವ್ಳ ಹಲ್ಲು ದೇವ್ರು ಕೊಟ್ಟಿದ್ದು, ಬಿಡಿ ಬಿಡಿಯಾಗಿದ್ವು. ಅದಕ್ಕೆ ಇಲ್ಲಿ ಎರಡು ಗುರುತು. ಈ ಹೆಣ್ಣುಮಗಳಿಗೆ ನಾನು ಕಟ್ಟಿದ್ದು ನಿಕ್ಕಲ್-ಕ್ರೋಮಿಯಂ, ಒಂದೇ ತುಂಡು. ಪಿಂಗಾಣಿ ಹೋದ್ಮೇಲೂ ಅದು ಬಾಗಲ್ಲ. ಅದಕ್ಕೆ ಇವ್ನ ಕೈ ಮೇಲೆ ಒಂದೇ ಗೆರೆ. ಪಟ್ಟಿ ಇಟ್ಟು ನೋಡಿ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. "ಏನು ಹೇಳ್ತಿದೀರಿ, ಗೊತ್ತಿದೆಯಾ?"

"ಗೊತ್ತಿದೆ ಸ್ವಾಮಿ. ಬರ್ಕೊಳ್ಳಿ."

ಪಟ್ಟಿ ಇಟ್ಟು ನೋಡಿದರು. ಗೆರೆಗೆ ಕೂತಿತು. ಆ ಲೇತ್ ಕೆಲಸಗಾರನಿಗೆ ಶಿಕ್ಷೆಯಾಯಿತು. ಅವಳು ಮಾಕಳಿ ಬಿಟ್ಟು ತಾಯಿಯ ಮನೆ ಸೇರಿದಳು. ದವಡೆ ಕೂಡಿದ ಮೇಲೆ ಡಾಕ್ಟರೇ ಮತ್ತೆ ಹಲ್ಲು ಕಟ್ಟಿದರು.

ನಾನು ವರದಿ ಮಾಡಿದೆ. ಸಾಕ್ಷಿ ನುಡಿದದ್ದನ್ನು ನುಡಿದಂತೆ ಬರೆದೆ, ಒಂದು ವಿಶೇಷಣವನ್ನೂ ಸೇರಿಸಲಿಲ್ಲ. ಮರುದಿನ ಹೋದಾಗ ಪತ್ರಿಕೆ ಅವರ ಮೇಜಿನ ಮೇಲಿತ್ತು.

"ಉಕ್ಕಿನ ಹಲ್ಲು ಅಂತ ಹಾಕಿದೀರಲ್ರೀ. ಉಕ್ಕಲ್ಲ ಅದು."

"ಡೆಸ್ಕಿನೋರು ಬದಲಾಯಿಸಿದ್ದಾರೆ. ಮಿಕ್ಕಿದ್ದು?"

"ಮಿಕ್ಕಿದ್ದು ಸರಿ ಇದೆ."

ಹೊರಗಿನ ಬೆಂಚು ಆ ದಿನ ಖಾಲಿ. ಎಷ್ಟೋ ವಾರ ಅರ್ಧ ಖಾಲಿಯಾಗಿಯೇ ಇತ್ತು. ಸೈಕಲ್ ಷಾಪಿನವನು ಗರಡಿಯ ಮಾತು ಎತ್ತುವುದನ್ನೇ ಬಿಟ್ಟ. ನಾನು ಹೊರಡುವಾಗ ಹೆಂಡತಿ ಇಕ್ಕಳಗಳನ್ನು ಕುದಿಯುವ ನೀರಿನಿಂದ ಒಂದೊಂದಾಗಿ ಎತ್ತಿಡುತ್ತಿದ್ದರು.

"ನಿಮಗೆ ಮೊದಲೇ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲ. ನಿಮ್ಮ ಪೇಪರ್ ನೋಡಿ ಗೊತ್ತಾಯ್ತು." ಇನ್ನೊಂದು ಇಕ್ಕಳ ಎತ್ತಿದರು. "ಇಷ್ಟು ವರ್ಷ ಕೈಪಂಪಿನ ಮೇಲೆ ಹೇಳ್ಕೊಂಡು ಬಂದೆ. ಇನ್ನು ಆ ಕೆಲಸ ತಪ್ತು."

"ಅವ್ರನ್ನ ಕ್ಷಮಿಸಿದೀರಾ?"

"ಅದು ಪೇಪರ್‌ಗಾ?"

"ಅಲ್ಲ."

"ಹಂಗಾದ್ರೆ ನಿಮಗ್ಯಾಕೆ?"

ಲೋಹದ ತುಂಡು ಗೋಡೆಗೆ ಬೀಳುವುದು ಅದಾದ ಮೇಲೂ ನಿಲ್ಲಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಆದರೆ ಆಕೆ ಹಿಂದೆ ಸರಿಯುವುದನ್ನು ಬಿಟ್ಟಿದ್ದರು. ನಿಂತಲ್ಲೇ ನಿಂತು ನೋಡುತ್ತಿದ್ದರು. ತುಂಡು ಬಿದ್ದ ಮೇಲೆ ಡಾಕ್ಟರೇ ಬಗ್ಗಿ ಹುಡುಕಿ ಎತ್ತಿಕೊಳ್ಳುತ್ತಿದ್ದರು.

ಅವರು ಹೋದದ್ದು ಎಂಬತ್ತರ ದಶಕದ ಕೊನೆಗೆ, ಎರಕದ ಕೋಣೆಯಲ್ಲೇ, ಎದೆನೋವಿನಿಂದ. ಸುದ್ದಿ ತಿಳಿದು ಹೋದಾಗ ಹೆಣವನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಬಂಧುವೊಬ್ಬರು ಎರಡೂ ಕೈ ಎದೆಯ ಮೇಲೆ ಜೋಡಿಸುತ್ತಿದ್ದರು. ಬಲಗೈಯನ್ನು ಕೆಳಗಿಟ್ಟು, ಅದರ ಮೇಲೆ ಎಡಗೈ ಇಟ್ಟು, ಮೇಲೆ ಹೂವು ಹಾಕಿದರು. ಏನನ್ನು ಮುಚ್ಚುತ್ತಿದ್ದಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗಂಡನ ತಲೆಯ ಬಳಿ ಕೂತಿದ್ದ ಆಕೆ ಕೈ ಚಾಚಿ ಹೂವು ಸರಿಸಿದರು. ಎಡಗೈ ಎತ್ತಿ ಕೆಳಗಿಟ್ಟರು. ಸೆಟೆದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ಗುರುತು ಮೇಲೆ ಬರುವಂತೆ ಎದೆಯ ಮೇಲಿಟ್ಟರು.

"ಬೇಡಮ್ಮ, ಚೆನ್ನಾಗಿ ಕಾಣಲ್ಲ" ಎಂದರು ಆ ಬಂಧು.

"ಅವ್ರೇ ತೋರಿಸಿದ ಕೈ" ಎಂದರು ಆಕೆ. "ಇರ್ಲಿ ಬಿಡಿ."