ಅಪ್ಪ ಎಂಜಿನ್ನಿಗೆ ಹೊಡೆದ ದಿನ

ನನ್ನ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಗಾಡಿ ರಿಪೇರಿ ಶೆಡ್ಡಿನಲ್ಲಿ ಒಂದು ಹೊಸ ಬೇರಿಂಗನ್ನು ಮರಳಿನಲ್ಲಿ ಬೀಳಿಸಿದ್ದೆ. ಕೆನ್ನೆಗೆಂದು ಬೀಸಿದ ಏಟು ಕಿವಿಗೆ ಬಿತ್ತು. ಅಪ್ಪ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊದಿ, ಬಟ್ಟೆಯಲ್ಲಿ ಸುತ್ತಿಟ್ಟ. ನನ್ನನ್ನು ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಬೀದಿಯವರು ಆತನನ್ನು ಸಿಡುಕು ಮೇಸ್ತ್ರಿ ಅನ್ನುತ್ತಿದ್ದರು, ಅದೂ ಬೆನ್ನ ಹಿಂದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಬಾಯಿಗಿಂತ ಕೈ ಮುಂದೆ ಹೋಗುತ್ತಿತ್ತು. ಎದುರಿನ ಟೈರ್ ಅಂಗಡಿಯವನು ಈಗಲೂ ನಕ್ಕರೆ ಅಪ್ಪನ ಸಹಿ ಕಾಣುತ್ತದೆ, ಮುಂದಿನ ಎರಡು ಹಲ್ಲಿಲ್ಲ. ಇಷ್ಟಾದರೂ ಗಾಡಿಯ ಮೇಲೆ ಮಾತ್ರ ಆತ ಒಂದು ದಿನವೂ ಕೈ ಎತ್ತಿದವನಲ್ಲ. ತುಕ್ಕು ಹಿಡಿದ ಬೋಲ್ಟಿಗೂ ಎಣ್ಣೆ ಬಿಟ್ಟು, ಕಾದು, "ಬಾ ತಾಯಿ, ಬಾ" ಎಂದು ಪುಸಲಾಯಿಸಿ ಬಿಚ್ಚುತ್ತಿದ್ದ. ನನಗೆ ಆ ಬೋಲ್ಟುಗಳನ್ನು ಕಂಡರೆ ಹೊಟ್ಟೆಕಿಚ್ಚು.

ಆತನ ಕಣ್ಣು ಮಂಜಾದ ಮೇಲೆ ಅಳತೆಯ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು: ಅಳೆದವರು ಅಳತೆಯನ್ನು ಅಲ್ಲೇ, ಗಿರಾಕಿಗೆ ಕೇಳುವಂತೆ ಕೂಗಿ ಹೇಳಬೇಕು. ಒಮ್ಮೆ ಕೂಗಿದ ಮೇಲೆ ಅದನ್ನು ಹೆಚ್ಚುಕಮ್ಮಿ ಮಾಡುವಂತಿಲ್ಲ. ನಾನೋ ಅರ್ಧ ಕಿವುಡಿ, ಕೂಗಿದರೆ ಬೀದಿಗೆಲ್ಲ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಕಲ್ಲು ಕ್ವಾರಿಯ ಮಾಲೀಕ ತನ್ನ ಮಗಳ ರೇಸ್ ಕ್ವಾಡನ್ನು ವ್ಯಾನಿನಿಂದ ಇಳಿಸಿದ. ಮಕ್ಕಳ ರೇಸಿಗೆಂದೇ ಮಾಡಿದ ನಾಲ್ಕು ಚಕ್ರದ ಪುಟ್ಟ ಗಾಡಿ, ಕೈಯಲ್ಲಿ ಒತ್ತುವ ಕ್ಲಚ್ಚು. ಹತ್ತು ವರ್ಷದ ಹುಡುಗಿ ಹೆಲ್ಮೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ಮಾಲೀಕನ ಹಿಂದೆ ನಿಂತಿದ್ದಳು. ಅವಳ ಕೆಳತುಟಿ ಆಗಲೇ ಒಡೆದಿತ್ತು.

"ಕ್ಲಚ್ಚು ಜಾರ್ತಿದೆಯಂತೆ ಮೇಸ್ತ್ರಿ. ನೇರ ದಾರೀಲೂ ಎಳೀತಿಲ್ಲವಂತೆ. ಎಲ್ಲರ ಮುಂದೆ ನನ್ನ ಮಾನ ಕಳೀತಿದಾಳೆ," ಎಂದ ಮಾಲೀಕ.

ನಾನು ಗಾಡಿಯ ಬಲಕ್ಕೆ ಕೂತು, ಆಯಿಲ್ ಇಳಿಸಿ, ಕ್ಲಚ್ಚಿನ ಮುಚ್ಚಳ ಬಿಚ್ಚತೊಡಗಿದೆ. ಎಡಗಿವಿ ಅವರ ಕಡೆಗಿತ್ತು. ಮುಂದೆ ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ, ಅಪ್ಪನಿಂದ ಆಮೇಲೆ ಗೊತ್ತಾಯಿತು. "ಕ್ಲಚ್ಚಿನ ಡಿಸ್ಕು ಸವೆದಿದ್ರೆ ಸರಿ. ಸವೆದಿಲ್ಲ ಅಂದ್ರೆ ಇವಳು ಸುಳ್ಳು ಹೇಳಿದಾಳೆ ಅಂತ. ಇಲ್ಲೇ ಚರ್ಮ ಸುಲಿತೀನಿ," ಎಂದಿದ್ದನಂತೆ. ಅಪ್ಪ ನನ್ನ ಕಡೆ ಬಗ್ಗಿ, "ಅಳತೆ ಕೂಗಬೇಡ ಕಣೇ" ಎಂದು ಪಿಸುಗುಟ್ಟಿದ್ದನಂತೆ. ತನ್ನ ಕಟ್ಟಳೆಯನ್ನು ತಾನೇ ಮುರಿದದ್ದು ಅದೇ ಮೊದಲು. ಹೇಳಿದ್ದು ಮಾತ್ರ ತಾನೇ ಕೆಡಿಸಿದ ಕಿವಿಗೆ.

ಡಿಸ್ಕುಗಳನ್ನು ಹೊರಗೆಳೆದು, ಒರೆಸಿ, ಒಂದೊಂದನ್ನೂ ನಾಲ್ಕು ಕಡೆ ವರ್ನಿಯರಿನಲ್ಲಿ ಹಿಡಿದೆ. ದಪ್ಪ ಸರಿಯಾಗಿತ್ತು. ನಡುವಿನ ಉಕ್ಕಿನ ಪ್ಲೇಟುಗಳು ಮಾತ್ರ ಕಾದು ಅಲ್ಲಲ್ಲಿ ನೀಲಿಗೆ ತಿರುಗಿದ್ದವು. ಓಡುವಾಗ ಕ್ಲಚ್ ಲಿವರನ್ನು ಅರ್ಧ ಒತ್ತಿ ಹಿಡಿದರೆ ಹಾಗಾಗುತ್ತದೆ. ಕ್ಲಚ್ಚು ಜಾರುತ್ತಿರಲಿಲ್ಲ, ಹುಡುಗಿಯೇ ಜಾರಿಸುತ್ತಿದ್ದಳು. ಅವಳಿಗೆ ವೇಗ ಎಂದರೆ ಭಯ. ಇದು ನನಗೆ ಹೊಳೆಯುವಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿತ್ತು.

"ಎರಡು ಪಾಯಿಂಟ್ ಒಂಬತ್ತು! ಎಲ್ಲಾ ಚೆನ್ನಾಗಿವೆ! ಸವೆದೇ ಇಲ್ಲ!"

ಹೆಲ್ಮೆಟ್ ನೆಲಕ್ಕೆ ಬಿತ್ತು. ತಿರುಗಿ ನೋಡುತ್ತೇನೆ, ಮಾಲೀಕ ಮಗಳ ಜುಟ್ಟು ಹಿಡಿದು ಮುಖವನ್ನು ಕೆಲಸದ ಮೇಜಿಗೆ ಅಪ್ಪಳಿಸುತ್ತಿದ್ದ. ಅವಳು ಕೂಗಲಿಲ್ಲ. ಕೂಗಿದರೆ ಹೆಚ್ಚು ಬೀಳುತ್ತದೆಂದು ತಿಳಿದ ಮಕ್ಕಳು ಕೂಗುವುದಿಲ್ಲ, ನನಗೆ ಗೊತ್ತು. ಮೂಗಿನ ರಕ್ತ ಆಯಿಲ್ ಟ್ರೇಗೆ ತೊಟ್ಟಿಕ್ಕಿತು. ಅವನು ಗೋಡೆಯಿಂದ ಒಂದು ಬ್ರೇಕ್ ಕೇಬಲ್ ಕಿತ್ತು ಮುಷ್ಟಿಗೆ ಸುತ್ತಿಕೊಂಡ.

ಅಪ್ಪ ದೊಡ್ಡ ಸುತ್ತಿಗೆ ಎತ್ತಿಕೊಂಡ. ಇವತ್ತು ಇಲ್ಲೊಂದು ಹೆಣ ಬೀಳುತ್ತದೆ ಅಂದುಕೊಂಡೆ. ಮಾಲೀಕನಿಗೂ ಹಾಗೇ ಅನ್ನಿಸಿರಬೇಕು, ಜುಟ್ಟು ಬಿಟ್ಟು ಹಿಂದೆ ಸರಿದ. ಅಪ್ಪ ಅವನನ್ನು ದಾಟಿ ಹೋಗಿ ಸುತ್ತಿಗೆಯನ್ನು ಕ್ವಾಡಿನ ಎಂಜಿನ್ನಿನ ಮೇಲೆ ಇಳಿಸಿದ. ಸಿಲಿಂಡರಿನ ಸುತ್ತಲಿನ ಲೋಹದ ರೆಕ್ಕೆಗಳು ಚೂರುಚೂರಾಗಿ ಹಾರಿದವು. ಮತ್ತೆ ಹೊಡೆದ, ಎಂಜಿನ್ನಿನ ಹೊಟ್ಟೆ ಬಿರಿಯಿತು. ಪ್ರತಿ ಏಟಿಗೂ ಆತನೇ ನರಳುತ್ತಿದ್ದ.

"ಈಗ ಅಳತೆ ನೋಡ್ಕೋ," ಎಂದು ಸುತ್ತಿಗೆಯನ್ನು ಬೀದಿಗೆ ಎಸೆದ.

ಮಾಲೀಕನ ಕೈಗೆ ಕಬ್ಬಿಣದ ಪೈಪು ಸಿಕ್ಕಿತು. ಮೊದಲ ಏಟು ಅಪ್ಪನ ಭುಜಕ್ಕೆ ಬಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಬೀಳಲಿ, ಗೊತ್ತಾಗಲಿ ಅಂದುಕೊಂಡೆ. ಆಮೇಲಿನ ಏಟಿಗೆ ಆತನ ಮಣಿಕಟ್ಟಿನ ಮೂಳೆ ಮುರಿದ ಸದ್ದು ಕೇಳಿ ಕೂತಲ್ಲಿಂದ ಎದ್ದೆ. ಅಪ್ಪ ಹುಡುಗಿಗೆ ಅಡ್ಡ ನಿಂತಿದ್ದ. ಜೀವಮಾನವಿಡೀ ಹೊಡೆದ ಆ ಕೈಗಳು ಮೇಲೇಳಲೇ ಇಲ್ಲ. ಪೈಪು ತಲೆಯ ಮಟ್ಟಕ್ಕೆ ಎದ್ದಾಗ ನಾನು ಜ್ಯಾಕಿನ ಹಿಡಿ ಎತ್ತಿ ಮಾಲೀಕನ ಮೊಣಕಾಲಿಗೆ ಬೀಸಿದೆ. ಎಷ್ಟಾದರೂ ಅಪ್ಪನ ಮಗಳು.

ಅವನು ನೆಲದಲ್ಲಿ ಚೆಲ್ಲಿದ್ದ ಆಯಿಲಿನಲ್ಲಿ ಬಿದ್ದು ಅರಚಿದ. ಟೈರ್ ಅಂಗಡಿಯವನು ಓಡಿಬಂದು ಅವನ ಎದೆಯ ಮೇಲೇ ಕೂತುಬಿಟ್ಟ.

"ಈ ಮುದುಕ ನನ್ನ ಹಲ್ಲು ಉದುರಿಸಿದ್ದು ನಮ್ಮಿಬ್ಬರ ವಿಷಯ. ಮಧ್ಯೆ ನೀನ್ಯಾವನೋ?"

ಅಪ್ಪ ಗೋಡೆಗೆ ಒರಗಿ ಕುಸಿದ. ನಾನು ಹತ್ತಿ ಬಟ್ಟೆ ತಂದು ಮಣಿಕಟ್ಟಿಗೆ ಸುತ್ತತೊಡಗಿದೆ. ಹುಡುಗಿ ತೋಳಿನಲ್ಲಿ ಮೂಗು ಒರೆಸಿಕೊಂಡು ಎಂಜಿನ್ನಿನ ಹತ್ತಿರ ಹೋದಳು. ಬಿರುಕಿನೊಳಗೆ ಬೆರಳು ಹಾಕಿ ನೋಡಿದಳು. ಅವಳ ಮುಖದಲ್ಲಿ ಭಯ ಇನ್ನೂ ಇಳಿದಿರಲಿಲ್ಲ.

"ತಾತಾ, ಇದು ಮತ್ತೆ ಸರಿಯಾಗುತ್ತಾ?"

"ಇಲ್ಲ ಪುಟ್ಟಿ. ನಾನು ಹೊಡೆದಿದ್ದು ಯಾವುದೂ ಸರಿಯಾಗಲ್ಲ."

ಅದನ್ನು ಆತ ಹೇಳಿದ್ದು ನನ್ನ ಮುಖ ನೋಡಿಕೊಂಡು. ಎಡಗಿವಿ ಆತನ ಕಡೆಗಿತ್ತು, ತುಟಿ ನೋಡಿ ತಿಳಿದುಕೊಂಡೆ. ಇನ್ನು ಅದನ್ನು ಓಡಿಸಬೇಕಿಲ್ಲವೆಂದು ಹುಡುಗಿ ಒಡೆದ ತುಟಿಯಲ್ಲೇ ನಕ್ಕಳು. ನಾನು ಬಿಗಿಯಾಗಿ ಹಾಕಿದ್ದ ಗಂಟನ್ನು ಬಿಚ್ಚಿ, ಆತನಿಗೆ ನೋವಾಗದ ಹಾಗೆ ಮತ್ತೆ ಕಟ್ಟಿದೆ.